ಗುಮ್ಮನಗುಸಕನಿಗೆ ₹1,499ರ ಸರ್ಟಿಫಿಕೇಟು

ತುಮಕೂರಿನ ಶಿರಾ ಗೇಟ್ ಹತ್ತಿರ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ. ಇಲ್ಲಿವರೆಗೆ ನಾನು ರಿವ್ಯೂ ಅಂತ ಬರೆದಿದ್ದು ಒಂದೇ, ಅದೂ ಡ್ರಿಲ್ ಮಷೀನಿಗೆ. ಈಗ ಬರೆಯುತ್ತಿರುವುದು ವ್ಯಕ್ತಿತ್ವ ಪರೀಕ್ಷೆಯ ಒಂದು ಆ್ಯಪ್ ಬಗ್ಗೆ. ಹೆಸರು ಹಾಕುವುದಿಲ್ಲ. ಹೆಸರು ಹಾಕಿ ಜಗಳ ಕಾಯುವ ಜಾಯಮಾನ ನನ್ನದಲ್ಲ, ಯಾಕಲ್ಲ ಅನ್ನೋದನ್ನು ಅದೇ ಆ್ಯಪ್ ಹದಿನಾಲ್ಕನೇ ಪುಟದಲ್ಲಿ ವಿವರಿಸಿದೆ.

ತಗೊಂಡಿದ್ದು ಇಷ್ಟು: ಮೊದಲು ಬಿಟ್ಟಿ ಪರೀಕ್ಷೆ. ಆಮೇಲೆ ₹1,499 ಕೊಟ್ಟು ‘ಸಮಗ್ರ ವರದಿ’. ಅದರ ಬಾಲಕ್ಕೆ ಕಟ್ಟಿ ಕೊಡುವ ‘ಸಮಾನ ಮನಸ್ಕರ ಬಳಗ’, ಮೂರು ತಿಂಗಳ ಸದಸ್ಯತ್ವ, ಒಂದು ಭೇಟಿ.

ಹಚ್ಚಿದ್ದು ಅಕ್ಕನ ಮಗ. ಇಂಜಿನಿಯರಿಂಗ್ ಓದುತ್ತಾನೆ, ಭಾನುವಾರ ಅಂಗಡಿಗೆ ಬಂದು ಸ್ಟೂಲ್ ಮೇಲೆ ಕೂತು ಫೋನ್ ತೀಡುತ್ತಾನೆ. ನಾನು ಕಾಯಿಲ್ ಸುತ್ತುವಾಗ ಮಾತಾಡುವುದಿಲ್ಲ, ಸುತ್ತು ಎಣಿಸಬೇಕು. ಎಣಿಕೆ ಕಡಿಮೆಯಾದರೆ ಮೋಟಾರ್ ಜಾಸ್ತಿ ಕರೆಂಟ್ ಎಳೆದು ಸುಟ್ಟುಹೋಗುತ್ತೆ. ಎಣಿಸೋದು ಮುಗಿದ ಮೇಲೂ ನಾನು ಮಾತಾಡಲಿಲ್ಲ ಅನ್ನೋದು ಅವನ ತಕರಾರು. “ಮಾವ, ಸುಮ್ನೆ ಈ ಪ್ರಶ್ನೆಗಳಿಗೆ ಉತ್ತರ ಕೊಡು” ಅಂತ ಫೋನ್ ಕೈಗಿಟ್ಟ.

ಪ್ರಶ್ನೆಗಳು ನಮ್ಮ ಕಡೆಯವಲ್ಲ. ‘ಪಾರ್ಟಿಗೆ ಹೋದಾಗ ಅಪರಿಚಿತರನ್ನು ನೀವೇ ಮಾತನಾಡಿಸುತ್ತೀರಾ?’ ನಮ್ಮಲ್ಲಿ ಪಾರ್ಟಿ ಅಂದರೆ ಒಂದು ಎಣ್ಣೆ, ಇನ್ನೊಂದು ಎಲೆಕ್ಷನ್. ಎರಡರಲ್ಲೂ ಅಪರಿಚಿತರೇ ಬಂದು ಮಾತಾಡಿಸುತ್ತಾರೆ. ನಾನು ಬೀಗರ ಊಟ ಅಂದುಕೊಂಡು ಉತ್ತರ ಕೊಟ್ಟೆ. ಬೀಗರ ಊಟದಲ್ಲಿ ನಾನು ಕಾಲು ಗಂಟೆ ಶಾಮಿಯಾನದಲ್ಲಿ ಕೂತಿರುತ್ತೇನೆ, ಆಮೇಲೆ ಹಿಂದೆ ಅಡುಗೆಯವರ ಹತ್ತಿರ ಇರುತ್ತೇನೆ. ಜನರೇಟರ್ ಇದ್ದರೆ ಅದರ ಹತ್ತಿರ. ಹೆಂಡತಿ ಕಡೆಯವರು ಇದಕ್ಕೆ ಜಂಬ ಅಂತಾರೆ. ನಮ್ಮಮ್ಮ ಗುಮ್ಮನಗುಸಕ ಅಂತಿದ್ದಳು.

ಫಲಿತಾಂಶ: ಐಎನ್‌ಎಫ್‌ಜೆ. ಐ ಅಂದರೆ ಒಳಮುಖಿ. ಎನ್ ಅಂದರೆ ಕಣ್ಣಿಗೆ ಕಂಡಿದ್ದಕ್ಕಿಂತ ಅದರ ಹಿಂದಿನ ಹೊಳಹನ್ನು ಹಿಡಿಯುವವನು. ಎಫ್, ಲೆಕ್ಕಾಚಾರಕ್ಕಿಂತ ಮನಸ್ಸಿನ ಮಾತು ಕೇಳುವವನು. ಜೆ, ಎಲ್ಲ ಮೊದಲೇ ಗೊತ್ತುಮಾಡಿಕೊಂಡಿರಬೇಕು ಅನ್ನುವವನು. “ಹದಿನಾರು ಟೈಪಲ್ಲಿ ಅತಿ ಅಪರೂಪದ್ದು ಕಣ್ ಮಾವ!” ಅಂದ ಅಕ್ಕನ ಮಗ, ನಾನೇನೋ ಲಾಟರಿ ಹೊಡೆದ ಹಾಗೆ.

ಸುಳ್ಳು ಹೇಳುವುದಿಲ್ಲ, ಆ ರಾತ್ರಿ ಖುಷಿಯಾಗಿ ನಿದ್ದೆ ಬರಲಿಲ್ಲ. ನಲವತ್ತಮೂರು ವರ್ಷ ಜಂಬ ಅನ್ನಿಸಿಕೊಂಡಿದ್ದಕ್ಕೆ ನಾಲ್ಕಕ್ಷರದ ಬೇರೆ ಹೆಸರು ಸಿಕ್ಕಿತ್ತು. ನನ್ನ ಹಾಗೇ ಇನ್ನೂ ಯಾರೋ ಇದ್ದಾರೆ, ಅವರೂ ಎಲ್ಲೋ ಒಂದು ಜನರೇಟರ್ ಪಕ್ಕ ನಿಂತಿದ್ದಾರೆ ಅನ್ನೋ ಯೋಚನೆ. ಬಿಟ್ಟಿ ಪರೀಕ್ಷೆಗೆ ನನ್ನಿಂದ ನಾಲ್ಕು ಸ್ಟಾರ್. ಐದನೆಯದು ಪಾರ್ಟಿ ಪ್ರಶ್ನೆಗೆ ಕಟ್.

ಅಲ್ಲಿಗೇ ನಿಲ್ಲಿಸಬೇಕಿತ್ತು. ಮಾರನೇ ದಿನ ‘ನಿಮ್ಮಂಥ ಅಪರೂಪದವರಿಗೆ ಮಾತ್ರ’ ಅಂತ ಮೆಸೇಜ್ ಬಂತು, ದುಡ್ಡು ಕಟ್ಟಿದೆ.

ವರದಿ ಮೂವತ್ತೆಂಟು ಪುಟ, ಕನ್ನಡದಲ್ಲೇ. ಕನ್ನಡ ಅಂದರೆ ಯಂತ್ರ ಹೊಲಿದ ಕನ್ನಡ. ಮೊದಲ ಪುಟದಲ್ಲೇ ‘ನೀವು ಒಂದು ಹಳೆಯ ಆತ್ಮ’ ಅಂತಿದೆ. ಹೆಂಡತಿ ಓದಿ, “ಇದೇನ್ರೀ, ಅಮಾವಾಸ್ಯೆ ದಿನ ತರಿಸಿದ್ರಾ?” ಅಂದಳು. ಆರನೇ ಪುಟದಲ್ಲಿ ‘ನಿಮಗೆ ಸಣ್ಣ ಮಾತು ಇಷ್ಟವಾಗುವುದಿಲ್ಲ’. ಸಣ್ಣ ಮಾತು ಯಾರಿಗೆ ಇಷ್ಟವಾಗುತ್ತೆ? ಕೊಟ್ಟ ಸಾಲದ ಬಗ್ಗೆ ನಾದಿನಿ ಗಂಡ ಆಡಿದ್ದು ಸಣ್ಣ ಮಾತು. ಅವರು ಹೇಳಹೊರಟಿದ್ದು ಕಾಡುಹರಟೆ ಅಂತ ಅಕ್ಕನ ಮಗ ಬಿಡಿಸಿ ಹೇಳಿದ ಮೇಲೆ ಗೊತ್ತಾಯಿತು.

ಒಳಗಿನ ಸರಕು ಹೇಗಿದೆ? ‘ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ಮೃದು.’ ‘ಕೆಲವೊಮ್ಮೆ ಜನರೊಂದಿಗೆ ಬೆರೆಯುತ್ತೀರಿ, ಕೆಲವೊಮ್ಮೆ ಏಕಾಂತ ಬಯಸುತ್ತೀರಿ.’ ಇದನ್ನು ಓದುತ್ತಾ ಅನುಮಾನ ಬಂತು. ಪಕ್ಕದ ಪಂಕ್ಚರ್ ಅಂಗಡಿಯವನು ಬೆಳಗ್ಗೆಯಿಂದ ರಾತ್ರಿವರೆಗೆ ಲಾರಿ ಡ್ರೈವರುಗಳ ಜೊತೆ ಬಾಯಿ ಮುಚ್ಚದವನು. ಅವನಿಗೆ ಮೂರು ಪುಟ ಓದಿ ಹೇಳಿದೆ, ನಂದು ಅಂತ ಹೇಳಲಿಲ್ಲ. ಟ್ಯೂಬ್ ನೀರಿಗೆ ಅದ್ದಿದವನು ಹಾಗೇ ಕೂತುಬಿಟ್ಟ. “ಅಣ್ಣ, ನನ್ನ ಬಗ್ಗೆ ಯಾರು ಹೇಳಿದ್ರು ನಿಮಗೆ?” ಅಂದ. ಕಣ್ಣು ತೇವ ಆಗಿತ್ತು.

ಇದಕ್ಕೂ ಒಂದು ಹಳೇ ಕಥೆ ಇದೆಯಂತೆ. 1948ರಲ್ಲಿ ಬರ್ಟ್ರಮ್ ಫೋರರ್ ಅನ್ನೋ ಅಮೆರಿಕದ ಮನಃಶಾಸ್ತ್ರಜ್ಞ ತನ್ನ 39 ವಿದ್ಯಾರ್ಥಿಗಳಿಗೆ ಪರೀಕ್ಷೆ ಕೊಟ್ಟು, ಒಬ್ಬೊಬ್ಬರಿಗೂ ಅವರವರ ವರದಿ ಅಂತ ಒಂದೇ ಬರಹ ಹಂಚಿದ. ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ ಸಾಲುಗಳು. ಎಷ್ಟು ಸರಿಯಾಗಿದೆ ಅಂತ ಕೇಳಿದರೆ ಹುಡುಗರು ಐದಕ್ಕೆ ಸರಾಸರಿ 4.3ರ ಹತ್ತಿರ ಅಂಕ ಕೊಟ್ಟರು. ನಮ್ಮ ಪಂಕ್ಚರ್ ಅಂಗಡಿಯವನು ಐದಕ್ಕೆ ಐದು ಕೊಡುತ್ತಿದ್ದ.

ಮೂರು ವಾರ ಬಿಟ್ಟು ಮತ್ತೆ ಪರೀಕ್ಷೆ ತಗೊಂಡೆ, ಈ ಸಲ ನಾಲ್ಕನೇ ಅಕ್ಷರ ಜೆ ಹೋಗಿ ಪಿ ಬಂತು, ಅಂದರೆ ಮೊದಲೇ ಗೊತ್ತುಮಾಡಿಕೊಳ್ಳದೆ ಬಂದ ಹಾಗೆ ನಡೆಯುವವನು. ಮೊದಲ ಸಲ ಜೆ ಇದ್ದಿದ್ದೇ 52 ಪರ್ಸೆಂಟು. ಅರ್ಧದ ಮೇಲೆ ಎರಡೇ ಪರ್ಸೆಂಟಿನಲ್ಲಿ ಗೆದ್ದ ಅಕ್ಷರ, ಒಂದು ಕೆಟ್ಟ ದಿನಕ್ಕೆ ಸೋತಿತು. ಈ ಹದಿನಾರು ಟೈಪಿನ ಪದ್ಧತಿ ಕಟ್ಟಿದ್ದು ಕ್ಯಾಥರಿನ್ ಬ್ರಿಗ್ಸ್ ಅನ್ನೋ ತಾಯಿ, ಇಸಬೆಲ್ ಬ್ರಿಗ್ಸ್ ಮೈಯರ್ಸ್ ಅನ್ನೋ ಮಗಳು. ಸ್ವಿಟ್ಜರ್ಲೆಂಡಿನ ಮನಃಶಾಸ್ತ್ರಜ್ಞ ಕಾರ್ಲ್ ಯೂಂಗ್ 1921ರಲ್ಲಿ ಬರೆದ ಪುಸ್ತಕ ಅವರಿಗೆ ತಳಪಾಯ. ಇಬ್ಬರೂ ಮನಃಶಾಸ್ತ್ರ ಕಲಿತು ಡಿಗ್ರಿ ತಗೊಂಡವರಲ್ಲ. ಅದು ನನಗೆ ದೊಡ್ಡ ತಪ್ಪಾಗಿ ಕಾಣಲಿಲ್ಲ, ನಾನೂ ಐಟಿಐ ಮೆಟ್ಟಿಲು ಹತ್ತದೆ ವೈಂಡಿಂಗ್ ಕಲಿತವನೇ. ಆದರೆ ನಾನು ಕಟ್ಟಿದ ಮೋಟಾರ್ ಇವತ್ತು ಐದು ಎಚ್‌ಪಿ, ಮುಂದಿನ ತಿಂಗಳು ಮೂರು ಎಚ್‌ಪಿ ಅಂತ ಬದಲಾಗುವುದಿಲ್ಲ.

ಇನ್ನು ‘ಅಪರೂಪ’. ಅಮೆರಿಕದ ಒಂದು ಹಳೇ ಲೆಕ್ಕದಲ್ಲಿ ಐಎನ್‌ಎಫ್‌ಜೆ ನೂರಕ್ಕೆ ಒಂದೂವರೆ ಜನವಂತೆ. ಅದೇ ಲೆಕ್ಕ ಇಲ್ಲಿಗೆ ಹಾಕಿ ನೋಡಿ. 2011ರ ಜನಗಣತಿಯಲ್ಲೇ ತುಮಕೂರು ಪಟ್ಟಣದ ಜನ 3 ಲಕ್ಷ ದಾಟಿತ್ತು. ಅಂದರೆ ನಾಲ್ಕೂವರೆ ಸಾವಿರ ಅಪರೂಪದವರು! ಭಾನುವಾರ ಬೆಳಗ್ಗೆ ಅಷ್ಟೂ ಜನ ಒಟ್ಟಿಗೆ ಹೊರಟರೆ ಕ್ಯಾತ್ಸಂದ್ರದಲ್ಲಿ ಬೇರೆಯವರಿಗೆ ತಟ್ಟೆ ಇಡ್ಲಿ ಸಿಗುವುದಿಲ್ಲ.

ಬಳಗದ ಭೇಟಿ ಇಟ್ಟಿದ್ದು ದೇವರಾಯನದುರ್ಗದ ಬುಡದ ನಾಮದ ಚಿಲುಮೆಯಲ್ಲಿ. ಜಾಗದ ಆಯ್ಕೆಗೆ ಪೂರ್ತಿ ಅಂಕ. ಬಂದವರು ಹನ್ನೊಂದು ಜನ, ಅದರಲ್ಲಿ ಒಂಬತ್ತು ಐಎನ್‌ಎಫ್‌ಜೆ. ನಡೆಸಿಕೊಡೋಕೆ ಬಂದ ಹುಡುಗ ಸೀಟಿ ಊದಿ, ಎಲ್ಲರೂ ವೃತ್ತದಲ್ಲಿ ನಿಂತು ಒಬ್ಬೊಬ್ಬರೇ ಮಧ್ಯಕ್ಕೆ ಬಂದು ಪರಿಚಯ ಹೇಳಿ, ಚಪ್ಪಾಳೆ ತಟ್ಟಿ ಅಂದ. ಜನರ ಮಧ್ಯೆ ನಿಂತು ಮಾತಾಡೋಕೆ ಆಗಲ್ಲ ಅಂತಲೇ ದುಡ್ಡು ಕಟ್ಟಿದವರಿಗೆ ಈ ಶಿಕ್ಷೆ. ಒಬ್ಬೊಬ್ಬರೂ ಮಧ್ಯಕ್ಕೆ ಹೋಗಿ ‘ನನ್ನನ್ನು ಯಾರೂ ಅರ್ಥ ಮಾಡಿಕೊಳ್ಳಲ್ಲ’ ಅಂದರು. ಒಂಬತ್ತನೆಯವನು ನಾನು, ನಾನೂ ಅದನ್ನೇ ಅಂದೆ, ಬೇರೇನೂ ಹೊಳೆಯಲಿಲ್ಲ. ಆಮೇಲೆ ಬೆಂಗಳೂರಿಂದ ಬಂದಿದ್ದ ಒಬ್ಬರು ತಾವು ಎಷ್ಟು ಸೂಕ್ಷ್ಮ ಅಂತ ಮುಕ್ಕಾಲು ಗಂಟೆ ಹೇಳಿದರು. ಅಷ್ಟು ಹೊತ್ತೂ ನಾನು ಜಿಂಕೆ ಪಾರ್ಕಿನ ಬೇಲಿ ನೋಡುತ್ತಿದ್ದೆ.

ಮಧ್ಯಾಹ್ನ ತಪ್ಪಿಸಿಕೊಂಡು ಚಿಲುಮೆ ಹತ್ತಿರ ಹೋದೆ. ರಾಮ ಬಾಣ ಬಿಟ್ಟಾಗ ಹಣೆಯ ನಾಮಕ್ಕೆ ನೀರು ಚಿಮ್ಮಿದ ಜಾಗ ಅಂತಾರೆ. ಬಂಡೆಯ ತೂತಿನಲ್ಲಿ ಬೆರಳುದ್ದ ನೀರು. ಸಾವಿರ ಅಡಿ ಕೊರೆದರೂ ಧೂಳು ಬರುವ ಜಿಲ್ಲೆಯಲ್ಲಿ ಮೋಟಾರ್ ರಿಪೇರಿ ಮಾಡೋನಿಗೆ ಅದನ್ನು ನೋಡುತ್ತಾ ನಿಲ್ಲೋದು ಬೇಸರವಿಲ್ಲದ ಕೆಲಸ. ಅಲ್ಲಿ ಆಗಲೇ ಒಬ್ಬರು ನಿಂತಿದ್ದರು. ಕೊರಟಗೆರೆ ಕಡೆಯವರು, ಅಂಚೆ ಇಲಾಖೆಯಿಂದ ರಿಟೈರ್ ಆದವರು. ಮಗಳು ಕಟ್ಟಿದ್ದ ದುಡ್ಡಿಗೆ ಮಗಳ ಬದಲು ಬಂದಿದ್ದರು. ಅವರ ಟೈಪು ಐಎಸ್‌ಟಿಜೆ, ಅಂದರೆ ಒಳಮುಖಿಯೇ, ಆದರೆ ಕಣ್ಣಿಗೆ ಕಂಡಿದ್ದನ್ನೂ ಲೆಕ್ಕಾಚಾರವನ್ನೂ ನಂಬುವವರು. ಅಪರೂಪವೇನಲ್ಲ, ಊರಿಗೆ ಹತ್ತಾರು.

ಹತ್ತು ನಿಮಿಷ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವರು, “ಹೋದ ಸಲ ಬಂದಾಗ ಇದಕ್ಕಿಂತ ಒಂದು ಗೆಣ್ಣು ಕಮ್ಮಿ ಇತ್ತು” ಅಂದರು. ಯಾವಾಗ ಸಾರ್ ಅಂದೆ. ಜೇಬಿನಿಂದ ಸಣ್ಣ ನೋಟ್‌ಬುಕ್ ತೆಗೆದು ತಾರೀಕು ಹೇಳಿದರು. ಹತ್ತೊಂಬತ್ತು ವರ್ಷದಿಂದ ಮನೆ ಹಿತ್ತಲಲ್ಲಿ ಮಳೆ ಅಳೆದು ದಿನಾ ಬರೆದಿಡುತ್ತಾರಂತೆ. ಯಾರಿಗೆ? ಯಾರಿಗೂ ಅಲ್ಲ.

ನನ್ನ ಹತ್ತಿರವೂ ಒಂದಿದೆ. ಹೆಂಡತಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ. ರಿಪೇರಿಗೆ ಬಂದ ಪ್ರತಿ ಮೋಟಾರಿನ ಊರು, ಎಚ್‌ಪಿ, ತಂತಿ ಗೇಜು, ಸುತ್ತು, ಬೋರ್‌ವೆಲ್ ಎಷ್ಟು ಅಡಿ, ಯಾಕೆ ಸುಟ್ಟಿತು, ಹದಿನಾರು ವರ್ಷದ್ದು. ಮುಂದಿನ ಮಂಗಳವಾರ ಅವರು ಅಂಗಡಿಗೆ ಬಂದರು. ಬೆಂಚಿನ ಮೇಲೆ ಎರಡೂ ಲೆಕ್ಕ ಪಕ್ಕಪಕ್ಕ ಇಟ್ಟೆವು. 2022, ಕೆರೆಗಳು ಕೋಡಿ ಬಿದ್ದ ವರ್ಷ. ಅವರ ಪುಟ ಒತ್ತೊತ್ತಾಗಿ ತುಂಬಿದೆ, ನನ್ನದರಲ್ಲಿ ಅರ್ಧಕ್ಕರ್ಧ ಖಾಲಿ. 2023, ಬರ. ಅವರದರಲ್ಲಿ ವಾರಗಟ್ಟಲೆ ಬರೀ ಸೊನ್ನೆ, ನನ್ನದರಲ್ಲಿ ಅಂಚಿನಲ್ಲೂ ಬರೆದಿದ್ದೇನೆ. ನೀರು ಇಳಿದು ಒಣ ಓಡಿದ್ದು, ತ್ರೀ ಫೇಸ್ ಬಂದ ಗಳಿಗೆಯಲ್ಲಿ ಎಲ್ಲರೂ ಒಟ್ಟಿಗೆ ಸ್ವಿಚ್ ಹಾಕಿ ವೋಲ್ಟೇಜ್ ಬಿದ್ದು ಸುಟ್ಟಿದ್ದು. ಅವರು ಕನ್ನಡಕ ಮೇಲೆತ್ತಿ, “ಮೇಸ್ತ್ರಿ, ನನ್ನ ಸೊನ್ನೆ ನಿನ್ನ ಸಂಪಾದನೆ” ಅಂದರು. ಅವತ್ತು ನಾವು ನಕ್ಕಿದ್ದು ಅದೊಂದೇ ಸಲ. ಉಳಿದ ಎರಡು ಗಂಟೆ ಸಬ್‌ಮರ್ಸಿಬಲ್ ಮೋಟಾರಿನ ಸ್ಟೇಟರ್, ಅಂದರೆ ತಂತಿ ಸುತ್ತುವ ಹೊರಭಾಗ, ಮಲಗಿಸಿ ಆ ತುದಿಯಿಂದ ಅವರು ವೈರ್ ತೂರಿಸಿದರು, ಈ ತುದಿಯಿಂದ ನಾನು ಎಳೆದೆ. ‘ಬಿಡಿ’, ‘ಸಾಕು’, ಇಷ್ಟೇ ಮಾತು.

ಭೇಟಿಗೆ ಒಂದೂವರೆ ಸ್ಟಾರ್ ಅಂದುಕೊಂಡಿದ್ದೆ. ಅವರು ಸಿಕ್ಕಿದ್ದು ಅಲ್ಲೇ ಆದ್ದರಿಂದ ಎರಡು ಮಾಡಿದ್ದೇನೆ. ಆ್ಯಪ್‌ನವರ ಪುಣ್ಯ ಅದರಲ್ಲಿ ಎಷ್ಟಿದೆಯೋ. ವರದಿಗೆ ಒಂದು, ಅದೂ ಹೆಂಡತಿ ‘ಹಳೇ ಆತ್ಮ, ಊಟಕ್ಕೆ ಬಾ’ ಅಂತ ಕರೆಯೋದು ಮನೆಯಲ್ಲಿ ಚಾಲ್ತಿಗೆ ಬಂದಿರುವುದಕ್ಕೆ.

ತಗೊಳ್ಳೋರಿಗೆ ಒಂದು ಎಚ್ಚರಿಕೆ: ಮೂರು ತಿಂಗಳಾದ ಮೇಲೆ ಕೇಳದೆ ಮತ್ತೆ ದುಡ್ಡು ಕಟ್ ಮಾಡುತ್ತಾರೆ, ಮೊದಲೇ ಫೋನಿನಲ್ಲಿ ಆಟೋ ಪೇ ನಿಲ್ಲಿಸಿ. ಬಳಗದ ಗುಂಪಿನಲ್ಲಿ ದಿನಕ್ಕೆ ನೂರಾ ಐವತ್ತು ಮೆಸೇಜ್ ಬರುತ್ತೆ, ಒಂಟಿತನದ ಬಗ್ಗೆ. ನಾನು ಸೌಂಡ್ ಆಫ್ ಮಾಡಿದ್ದೇನೆ.

ಅಂಚೆ ಯಜಮಾನರಿಗೆ ಹತ್ತು ದಿನದ ಹಿಂದೆ ಒಂದು ಮೆಸೇಜ್ ಹಾಕಿದ್ದೆ, ‘ನಿಮ್ಮ ಕಡೆ ಎಷ್ಟು ಬಿತ್ತು?’ ಅಂತ. ಇನ್ನೂ ಉತ್ತರ ಬಂದಿಲ್ಲ. ನಾನೂ ಅವಸರ ಮಾಡಿಲ್ಲ.