ಪಿಟಿಎಸ್‌ಡಿ ಕೋಚ್ ಆ್ಯಪ್: ತುರ್ತು ಸೇವೆಯಲ್ಲಿ ಇರುವವರ ಫೋನಿಗೆ ಒಂದು ವಿಮರ್ಶೆ

ನಾನು ಆಂಬುಲೆನ್ಸ್‌ನಲ್ಲಿ ಕೆಲಸ ಮಾಡುವವನು. ಪಿಟಿಎಸ್‌ಡಿ ಅಂದರೆ ಭೀಕರ ಘಟನೆಗಳನ್ನು ಕಂಡ ಅಥವಾ ಅನುಭವಿಸಿದ ಮೇಲೆ ಮನಸ್ಸಿನಲ್ಲಿ ಉಳಿದು ಕಾಡುವ ಆಘಾತದ ಕಾಯಿಲೆ, ಅದರ ಲಕ್ಷಣಗಳನ್ನು ನಿಭಾಯಿಸಲು ನೆರವಾಗುವುದು ಪಿಟಿಎಸ್‌ಡಿ ಕೋಚ್ ಆ್ಯಪ್. ಅದರ ಬಗ್ಗೆ ಬರೆಯುತ್ತಿರುವ ಇದು ಎಲ್ಲರಿಗೂ ಅಲ್ಲ. ಆಂಬುಲೆನ್ಸ್, ಅಗ್ನಿಶಾಮಕ ದಳ, ಪೊಲೀಸ್, ಮತ್ತೆ ತುರ್ತು ಕರೆ ತೆಗೆಯುವ ಕಂಟ್ರೋಲ್ ರೂಮಿನಲ್ಲಿ ಡ್ಯೂಟಿ ಮಾಡುವವರಿಗೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಫೋನಿನಲ್ಲಿ ಇರಲೇಬೇಕಾದ ಆ್ಯಪ್ ಇದು. ಆದರೆ ಇದೊಂದನ್ನು ತೋರಿಸಿ 'ನಿಮ್ಮ ಮನಸ್ಸಿನ ಆರೋಗ್ಯಕ್ಕೆ ನಾವು ವ್ಯವಸ್ಥೆ ಮಾಡಿದ್ದೇವೆ' ಅಂತ ಯಾವ ಇಲಾಖೆಯಾದರೂ ಕೈತೊಳೆದುಕೊಂಡರೆ ಅದನ್ನು ಒಪ್ಪಬೇಡಿ.

ಇದನ್ನು ಮಾಡಿದ್ದು ಅಮೆರಿಕದಲ್ಲಿ. ಅಲ್ಲಿನ ನಿವೃತ್ತ ಸೈನಿಕರ ಇಲಾಖೆಯ ಕೆಳಗಿರುವ ಪಿಟಿಎಸ್‌ಡಿ ರಾಷ್ಟ್ರೀಯ ಕೇಂದ್ರ ಮತ್ತು ರಕ್ಷಣಾ ಇಲಾಖೆ ಸೇರಿ 2011ರಲ್ಲಿ ಹೊರತಂದವು. ಪೂರ್ತಿ ಉಚಿತ. ಐಫೋನ್, ಆಂಡ್ರಾಯ್ಡ್ ಎರಡಕ್ಕೂ ಇದೆ. ಮೊದಲು ಸೈನಿಕರನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದ್ದರೂ ಯಾರು ಬೇಕಾದರೂ ಬಳಸಬಹುದು, 100ಕ್ಕೂ ಹೆಚ್ಚು ದೇಶಗಳಲ್ಲಿ ಜನ ಇಳಿಸಿಕೊಂಡಿದ್ದಾರೆ. ಆಸ್ಟ್ರೇಲಿಯಾ, ಕೆನಡಾ ತಮಗೆ ಹೊಂದುವ ಹಾಗೆ ಬದಲಾಯಿಸಿಕೊಂಡು ತಮ್ಮದೇ ಆವೃತ್ತಿ ಮಾಡಿಕೊಂಡಿವೆ.

ನನಗೆ ಇದರಲ್ಲಿ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಒಂದು ಸಣ್ಣ ವಿಷಯ. ಇದು ಹೆಸರು ಕೇಳುವುದಿಲ್ಲ. ಖಾತೆ ತೆರೆಯಬೇಕಿಲ್ಲ, ಕೆಲಸ ಎಲ್ಲಿ ಅಂತ ಹೇಳಬೇಕಿಲ್ಲ, ನೀವು ಕೊಟ್ಟ ಉತ್ತರಗಳು ನಿಮ್ಮ ಫೋನಿನಲ್ಲೇ ಇರುತ್ತವೆ. ಹೊರಗಿನವರಿಗೆ ಇದು ಅಷ್ಟು ದೊಡ್ಡದು ಅನ್ನಿಸದಿರಬಹುದು. ಆದರೆ ನಮ್ಮ ಕೆಲಸದಲ್ಲಿ ಜನ ಕಾಯಿಲೆಗಿಂತ ಫೈಲಿಗೆ ಹೆದರುತ್ತಾರೆ. ನಿದ್ದೆ ಬರುತ್ತಿಲ್ಲ ಅಂದರೆ ಗಾಡಿಯಿಂದ ಇಳಿಸಿ ಟೇಬಲ್ ಕೆಲಸಕ್ಕೆ ಕೂರಿಸುತ್ತಾರೇನೋ, ಬಂದೂಕು ವಾಪಸ್ ಕೇಳುತ್ತಾರೇನೋ, ಬಡ್ತಿಯ ಹೊತ್ತಿಗೆ ಯಾರೋ ಈ ಮಾತು ಎತ್ತುತ್ತಾರೇನೋ ಅನ್ನುವ ಭಯದಲ್ಲೇ ಎಷ್ಟೋ ಜನ ವರ್ಷಗಟ್ಟಲೆ ಬಾಯಿ ಬಿಡುವುದಿಲ್ಲ. ಅಂಥವರಿಗೆ ಯಾರಿಗೂ ತಿಳಿಯದೆ ತೆರೆದು ನೋಡಬಹುದಾದ ಮೊದಲ ಬಾಗಿಲು ಇದು. ಫೋನಿಗೆ ಲಾಕ್ ಇರಲಿ, ಅಷ್ಟು ಸಾಕು. ಆದರೆ ಡ್ಯೂಟಿಗೆ ಕೊಟ್ಟ ಫೋನಿನಲ್ಲಿ ಹಾಕಬೇಡಿ, ಸ್ವಂತದ್ದರಲ್ಲಿ ಹಾಕಿಕೊಳ್ಳಿ.

ಒಳಗೆ ನಾಲ್ಕು ಭಾಗ ಇವೆ. ಓದಿ ತಿಳಿಯಲು ಒಂದು, ಲಕ್ಷಣಗಳನ್ನು ಅಳೆದು ನೋಡಲು ಒಂದು, ಆ ಕ್ಷಣದ ಕಷ್ಟ ನಿಭಾಯಿಸಲು ಒಂದು, ಸಹಾಯಕ್ಕೆ ಯಾರನ್ನು ಕರೆಯಬೇಕು ಅನ್ನುವುದಕ್ಕೆ ಒಂದು. ಓದುವ ಭಾಗ ಚೆನ್ನಾಗಿದೆ, ಸರಳವಾಗಿದೆ, ಒಂದು ಸಲ ಓದಿದರೆ ಮುಗಿಯಿತು. ನಿಜವಾದ ಕೆಲಸ ಇರುವುದು ನಿಭಾಯಿಸುವ ಭಾಗದಲ್ಲಿ.

ಅದನ್ನು ತೆರೆದರೆ ಈಗ ಏನು ಕಾಡುತ್ತಿದೆ ಅಂತ ಕೇಳುತ್ತದೆ. ಹಳೆಯದು ನೆನಪಾಗಿದೆಯಾ, ಕೋಪವಾ, ಆತಂಕವಾ, ಯಾರ ಜೊತೆಗೂ ಸೇರಲು ಆಗದ ಹಾಗೆ ಅನ್ನಿಸುತ್ತಿದೆಯಾ, ನಿದ್ದೆ ಬರುತ್ತಿಲ್ಲವಾ. ಒಂದನ್ನು ಒತ್ತಿದರೆ ಜ್ವರ ನೋಡುವ ಥರ್ಮಾಮೀಟರಿನಂಥ ಚಿತ್ರ ಬರುತ್ತದೆ, ಸಂಕಟ ಎಷ್ಟಿದೆ ಅಂತ 0ಯಿಂದ 10ರ ಒಳಗೆ ತೋರಿಸಬೇಕು. ಆಮೇಲೆ ಒಂದು ಅಭ್ಯಾಸ ಕೊಡುತ್ತದೆ. ಮುಗಿದ ಮೇಲೆ ಮತ್ತೆ ಎಷ್ಟಿದೆ ಅಂತ ಕೇಳುತ್ತದೆ. ಕೊಟ್ಟದ್ದು ಇಷ್ಟವಾಗದಿದ್ದರೆ ಬೇರೆಯದು ಕೇಳಬಹುದು. 8ರಲ್ಲಿ ಇದ್ದದ್ದು 5ಕ್ಕೆ ಇಳಿದದ್ದನ್ನು ಕಣ್ಣಾರೆ ನೋಡುವುದಕ್ಕೆ ಒಂದು ಬೆಲೆ ಇದೆ. ನಮ್ಮವರಿಗೆ ರೋಗಿಯ ನಾಡಿ, ಬಿಪಿ ಬರೆದು ಬರೆದು ಅಂಕಿಗಳ ಮೇಲೆ ನಂಬಿಕೆ ಬಂದಿರುತ್ತದೆ. 'ನಿನಗೆ ಹೇಗನ್ನಿಸುತ್ತಿದೆ' ಅಂತ ಕೇಳಿದರೆ 'ಏನಿಲ್ಲ, ಆರಾಮ್' ಅನ್ನುವವನೂ ಹತ್ತರಲ್ಲಿ ಎಷ್ಟು ಅಂತ ಕೇಳಿದರೆ ನಿಜ ಹೇಳುತ್ತಾನೆ.

ಅಭ್ಯಾಸಗಳಲ್ಲಿ ಉಸಿರಾಟದ್ದು ಚೆನ್ನಾಗಿದೆ. ಮೈಯ ಒಂದೊಂದೇ ಭಾಗವನ್ನು ಬಿಗಿ ಮಾಡಿ ಸಡಿಲ ಬಿಡುವುದು ರಾತ್ರಿ ಶಿಫ್ಟ್ ಮುಗಿಸಿ ಬೆಳಿಗ್ಗೆ ಮಲಗುವವರಿಗೆ ತುಂಬಾ ಉಪಯೋಗ, ಯಾಕೆಂದರೆ ನಮಗೆ ಮನಸ್ಸಿಗಿಂತ ಮೊದಲು ಹೆಗಲು ಮತ್ತು ದವಡೆ ಬಿಗಿಯುತ್ತವೆ. ಸುತ್ತ ಏನು ಕಾಣುತ್ತಿದೆ, ಏನು ಕೇಳುತ್ತಿದೆ, ಕಾಲ ಕೆಳಗೆ ನೆಲ ಹೇಗಿದೆ ಅಂತ ಗಮನಿಸುತ್ತಾ ಈ ಹೊತ್ತಿಗೆ ವಾಪಸ್ ಬರುವ ಅಭ್ಯಾಸವೂ ಇದೆ. ನಾನು ಜಾಸ್ತಿ ಬಳಸುವುದು ಆರ್‌ಐಡಿ ಅನ್ನುವುದನ್ನು. ಮೊದಲು ಮೈ ಸಡಿಲ ಬಿಡು, ಯಾವುದು ಕೆರಳಿಸಿತು ಅಂತ ಗುರುತಿಸು, ಈಗ ಏನು ಮಾಡುತ್ತೀಯ ಅಂತ ನಿರ್ಧರಿಸು, ಇಷ್ಟೇ ಅದರ ಕ್ರಮ. ಡ್ಯೂಟಿ ಇಲ್ಲದ ದಿನ ಪೆಟ್ರೋಲ್ ಬಂಕ್‌ನಲ್ಲಿ ನಿಂತಿರುವಾಗ ಆ ವಾಸನೆಗೇ ಎದೆ ಹೊಡೆದುಕೊಳ್ಳಲು ಶುರುವಾಗುತ್ತದೆ ಅಂದುಕೊಳ್ಳಿ. ಆಗ ಇದು ಕೇಳುವ ಪ್ರಶ್ನೆ ಸರಿಯಾಗಿ ತಾಗುತ್ತದೆ: ಅವತ್ತಿಗೂ ಇವತ್ತಿಗೂ ಏನು ವ್ಯತ್ಯಾಸ? ಅವತ್ತು ಗಾಡಿ ನಜ್ಜುಗುಜ್ಜಾಗಿತ್ತು, ಒಳಗೆ ಜನ ಇದ್ದರು. ಇವತ್ತು ನಾನು ಟ್ಯಾಂಕ್ ತುಂಬಿಸುತ್ತಿದ್ದೇನೆ. ಬರೆಯುವಾಗ ಸಣ್ಣದಾಗಿ ಕಾಣುತ್ತದೆ, ಆ ಹೊತ್ತಿನಲ್ಲಿ ಸಣ್ಣದಲ್ಲ.

ಈಗ ಎಲ್ಲಿ ಹೊಂದುವುದಿಲ್ಲ ಅನ್ನುವುದಕ್ಕೆ ಬರುತ್ತೇನೆ, ಯಾಕೆಂದರೆ ಆ್ಯಪ್ ಅಂಗಡಿಯಲ್ಲಿ ಬರುವ ವಿಮರ್ಶೆಗಳಲ್ಲಿ ಇದನ್ನು ನಮ್ಮ ಕಡೆಯಿಂದ ನೋಡಿ ಹೇಳಿದ್ದು ನನಗೆ ಕಂಡಿಲ್ಲ.

ಅಳೆಯುವ ಭಾಗದಲ್ಲಿ 20 ಪ್ರಶ್ನೆಗಳಿವೆ. ಕಳೆದ ಒಂದು ತಿಂಗಳಲ್ಲಿ 'ಆ ಘಟನೆ' ನಿಮ್ಮನ್ನು ಎಷ್ಟು ಕಾಡಿದೆ ಅಂತ ಕೇಳುತ್ತದೆ. ಯಾವ ಘಟನೆ? ಒಂದು ಅಪಘಾತಕ್ಕೆ ಸಿಕ್ಕವರಿಗೆ ಈ ಪ್ರಶ್ನೆ ಸರಿ. ವರ್ಷಗಟ್ಟಲೆ ಅದೇ ಕೆಲಸ ಮಾಡಿದವನಿಗೆ ಒಂದು ಘಟನೆ ಅಂತ ಇರುವುದಿಲ್ಲ. ಮಗುವಿನದ್ದು ಒಂದು, ನೇಣಿನದ್ದು ಒಂದು, ಬೆಂಕಿಯದ್ದು ಒಂದು, ಜೊತೆಗೆ ಮುಖ ಸಹ ನೆನಪಿಲ್ಲದ ನೂರಾರು. 2013ರಲ್ಲಿ ಬಂದ ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿಯ ಐದನೇ ಆವೃತ್ತಿ ಇದನ್ನು ಗುರುತಿಸಿದೆ. ಕೆಲಸದ ಭಾಗವಾಗಿ ಮತ್ತೆ ಮತ್ತೆ ಇಂಥದ್ದಕ್ಕೆ ಎದುರಾಗುವುದೂ ಪಿಟಿಎಸ್‌ಡಿಗೆ ಕಾರಣ ಆಗಬಹುದು ಅಂತ ಹೇಳಿ, ಮನುಷ್ಯರ ಅವಶೇಷಗಳನ್ನು ಆರಿಸುವ ಸಿಬ್ಬಂದಿಯನ್ನೇ ಉದಾಹರಣೆಗೆ ಕೊಟ್ಟಿದೆ. ಪ್ರಶ್ನೆಗಳ ಮಾತು ಮಾತ್ರ ಇನ್ನೂ ಒಂದೇ ಘಟನೆಯ ಸುತ್ತ ಇದೆ. ನನ್ನ ಸಲಹೆ: ಯಾವುದು ತಾನಾಗಿಯೇ ನುಗ್ಗಿ ಬರುತ್ತದೋ ಅದೊಂದನ್ನು ಇಟ್ಟುಕೊಂಡು ಉತ್ತರಿಸಿ, ಪ್ರತಿ ಸಲವೂ ಅದನ್ನೇ ಇಟ್ಟುಕೊಳ್ಳಿ, ಇಲ್ಲದಿದ್ದರೆ ಗ್ರಾಫ್ ಏರಿದ್ದು ಇಳಿದದ್ದಕ್ಕೆ ಅರ್ಥ ಇರುವುದಿಲ್ಲ. ಉತ್ತರಗಳ ಒಟ್ಟು 80 ಅಂಕಗಳಿಗೆ ಸುಮಾರು 31ರಿಂದ 33 ದಾಟಿದರೆ ತಜ್ಞರು ಸರಿಯಾಗಿ ನೋಡಬೇಕು ಅಂತ ಲೆಕ್ಕ. ಇದೇ ರೋಗನಿರ್ಣಯ ಅಲ್ಲ, ಆ್ಯಪ್ ಕೂಡ ಹಾಗೆ ಹೇಳಿಕೊಳ್ಳುವುದಿಲ್ಲ.

ಇನ್ನೊಂದು ತೊಡಕು ಇದೆ. ಸದಾ ಎಚ್ಚರವಾಗಿರುವುದು, ಸಣ್ಣ ಸದ್ದಿಗೂ ಬೆಚ್ಚುವುದು ಲಕ್ಷಣಗಳ ಪಟ್ಟಿಯಲ್ಲಿವೆ. ಆದರೆ ಕಿವಿ ನೆಟ್ಟಗೆ ಇಟ್ಟುಕೊಂಡಿರುವುದೇ ನಮ್ಮ ಕೆಲಸ ಅಲ್ವಾ. ಅದು ಡ್ಯೂಟಿಯಲ್ಲಿ ಬೇಕು, ಮನೆಗೆ ಬಂದ ಮೇಲೂ ಆರದಿದ್ದರೆ ತೊಂದರೆ. ಈ ಎರಡರ ನಡುವಿನ ಗೆರೆ ಎಲ್ಲಿ ಅಂತ ಆ್ಯಪ್ ತೋರಿಸಿಕೊಡುವುದಿಲ್ಲ. ಹಾಗೇ 'ನೆನಪು ತರುವ ಜಾಗದಿಂದ ದೂರ ಇರುತ್ತೀರಾ' ಅನ್ನುವ ಪ್ರಶ್ನೆ. ದೂರ ಇರುವುದು ಹೇಗೆ, ನಾಳೆ ಅದೇ ತಿರುವಿಗೆ ಇನ್ನೊಂದು ಕರೆ ಬಂದರೆ ಸೈರನ್ ಹಾಕಿಕೊಂಡು ಹೋಗಲೇಬೇಕು. ನಮ್ಮವರು ಜಾಗದಿಂದ ತಪ್ಪಿಸಿಕೊಳ್ಳುವುದಿಲ್ಲ. ಮಾತಿನಿಂದ ತಪ್ಪಿಸಿಕೊಳ್ಳುತ್ತಾರೆ, ಓವರ್‌ಟೈಮ್ ಹಾಕಿಸಿಕೊಂಡು ಮನೆಯಿಂದ ತಪ್ಪಿಸಿಕೊಳ್ಳುತ್ತಾರೆ, ಕುಡಿದು ನಿದ್ದೆ ಬರಿಸಿಕೊಳ್ಳುತ್ತಾರೆ. ಕಂಟ್ರೋಲ್ ರೂಮಿನವರ ಪಾಡು ಇನ್ನೂ ಬೇರೆ. ಅವರು ಏನನ್ನೂ ನೋಡಿರುವುದಿಲ್ಲ, ಕೇಳಿರುತ್ತಾರೆ, ಆಮೇಲೆ ಆ ಮನುಷ್ಯ ಉಳಿದನಾ ಹೋದನಾ ಅಂತ ಎಷ್ಟೋ ಸಲ ಗೊತ್ತೂ ಆಗುವುದಿಲ್ಲ, ಅಷ್ಟರಲ್ಲಿ ಮುಂದಿನ ಕರೆ. ಅವರೂ ಇದನ್ನು ಬಳಸಲಿ, ತಮ್ಮದು ದೊಡ್ಡ ಕಷ್ಟ ಅಲ್ಲ ಅಂದುಕೊಂಡು ಬಿಡುವುದು ಬೇಡ.

ತಪ್ಪಿತಸ್ಥ ಭಾವಕ್ಕೂ ಇಲ್ಲಿ ಇರುವುದು ಕಡಿಮೆ ಅನ್ನಿಸಿತು. ಇನ್ನೆರಡು ನಿಮಿಷ ಮೊದಲು ಹೋಗಿದ್ದರೆ, ಇಬ್ಬರಲ್ಲಿ ಮೊದಲು ಇನ್ನೊಬ್ಬನನ್ನು ಎತ್ತಿದ್ದರೆ ಅನ್ನುವುದು ಭಯ ಅಲ್ಲ, ಅದಕ್ಕೆ ಉಸಿರಾಟದ ಅಭ್ಯಾಸ ಸಾಕಾಗುವುದಿಲ್ಲ. ಯೋಚನೆಯನ್ನು ಬೇರೆ ಕೋನದಿಂದ ನೋಡಿಸುವ ಪುಟಗಳೇನೋ ಇವೆ, ಆದರೆ ಇದಕ್ಕೆ ಎದುರು ಕೂತು ಕೇಳುವ ಮನುಷ್ಯ ಬೇಕು. ಅದೂ ಆ ಕೆಲಸ ಗೊತ್ತಿರುವವನು.

ಇಲ್ಲಿಗೇ ನನ್ನ ಮುಖ್ಯ ತಕರಾರು ಬರುತ್ತದೆ. ಅದು ಆ್ಯಪ್ ಮೇಲೆ ಅಲ್ಲ, ಅದನ್ನು ಹಂಚುವವರ ಮೇಲೆ. ಉಚಿತ ಆ್ಯಪ್‌ನ ಲಿಂಕ್ ಕಳಿಸುವುದು ಸುಲಭ. ಸತತ ರಾತ್ರಿ ಪಾಳಿ ಕಡಿಮೆ ಮಾಡುವುದು, ಕೆಟ್ಟ ಕರೆ ಮುಗಿದ ಮೇಲೆ ಗಾಡಿ ತೊಳೆದು ಸ್ವಲ್ಪ ಹೊತ್ತು ಕೂರಲು ಬಿಡುವುದು, ಸಹೋದ್ಯೋಗಿಗಳಿಗೇ ತರಬೇತಿ ಕೊಡುವುದು, ಇವಕ್ಕೆ ಹಣವೂ ಜನವೂ ಬೇಕು. ಬ್ರಿಟನ್ನಿನ ರಾಯಲ್ ಮರೀನ್ಸ್‌ನಲ್ಲಿ ಶುರುವಾದ ಟ್ರಿಮ್ ಅನ್ನುವ ಕ್ರಮ ಇದೆ. ತರಬೇತಿ ಪಡೆದ ಸಹೋದ್ಯೋಗಿಯೇ ಘಟನೆಯಾದ ಮೂರು ದಿನಗಳ ಆಸುಪಾಸಿನಲ್ಲಿ ಬಂದು ಮಾತಾಡುತ್ತಾನೆ, ಸುಮಾರು ಒಂದು ತಿಂಗಳ ಮೇಲೆ ಮತ್ತೆ ಮಾತಾಡಿಸಿ, ತಳಮಳ ಇಳಿದಿಲ್ಲ ಅನ್ನಿಸಿದರೆ ವೈದ್ಯರ ಹತ್ತಿರ ಕರೆದೊಯ್ಯುತ್ತಾನೆ. ತುರ್ತು ಸೇವೆಗಳೂ ಅದನ್ನು ತೆಗೆದುಕೊಂಡಿವೆ. ಆ ಒಂದು ತಿಂಗಳು ಸುಮ್ನೆ ಇಟ್ಟದ್ದಲ್ಲ, ಮೊದಮೊದಲ ದಿನಗಳ ತಳಮಳ ಹೆಚ್ಚಿನವರಲ್ಲಿ ತಾನಾಗಿ ಇಳಿಯುತ್ತದೆ, ಒಂದು ತಿಂಗಳು ದಾಟಿದರೂ ಇಳಿಯದಿದ್ದರೆ ಮಾತ್ರ ಪಿಟಿಎಸ್‌ಡಿ ಅಂತ ನೋಡುತ್ತಾರೆ.

ಹಾಗಂತ ಎಲ್ಲರನ್ನೂ ಅವತ್ತೇ ಒಂದು ಕೋಣೆಯಲ್ಲಿ ಕೂರಿಸಿ 'ಏನೇನು ನೋಡಿದೆ ಹೇಳು' ಅನ್ನುವುದೂ ಬೇಡ. 1983ರಲ್ಲಿ ಜೆಫ್ರಿ ಮಿಚೆಲ್ ತುರ್ತು ಸಿಬ್ಬಂದಿಗಾಗಿಯೇ ಗುಂಪಿನಲ್ಲಿ ಮಾಡುವ ಡಿಬ್ರೀಫಿಂಗ್, ಅಂದರೆ ಘಟನೆಯ ಬಗ್ಗೆ ಕೂರಿಸಿ ಮಾತಾಡಿಸುವ ಕ್ರಮವನ್ನು ಮುಂದಿಟ್ಟರು, ಅದು ಎಲ್ಲ ಕಡೆ ಹಬ್ಬಿತು. ಆಮೇಲೆ ಒಂದೇ ಬಾರಿ ಒಬ್ಬೊಬ್ಬರನ್ನೇ ಕೂರಿಸಿ ಮಾಡುವ ಡಿಬ್ರೀಫಿಂಗ್ ಬಗ್ಗೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿದ 2002ರ ಕಾಕ್ರೇನ್ (ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಸಂಸ್ಥೆ) ಸಮೀಕ್ಷೆ, ಅದು ಪಿಟಿಎಸ್‌ಡಿ ತಡೆಯುತ್ತದೆ ಅನ್ನಲು ಆಧಾರ ಇಲ್ಲ, ಆಘಾತಕ್ಕೆ ಒಳಗಾದವರಿಗೆ ಕಡ್ಡಾಯ ಮಾಡುವುದು ನಿಲ್ಲಬೇಕು ಅಂತ ಹೇಳಿತು. ಮಾತಾಡುವ ಹೊತ್ತನ್ನು ಆ ಮನುಷ್ಯನೇ ಆರಿಸಿಕೊಳ್ಳಬೇಕು. ಈ ವಿಷಯದಲ್ಲಿ ಆ್ಯಪ್ ಸರಿಯಾಗಿ ನಡೆದುಕೊಳ್ಳುತ್ತದೆ. ಅದು ಒತ್ತಾಯ ಮಾಡುವುದಿಲ್ಲ, ಏನು ನೋಡಿದಿರಿ ಅಂತ ಕೆದಕುವುದೂ ಇಲ್ಲ.

ಇದರಿಂದ ಪ್ರಯೋಜನ ಇದೆಯಾ ಅಂತ ಕೇಳುವವರಿಗೆ: 2017ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 120 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೂರು ತಿಂಗಳು ಈ ಆ್ಯಪ್ ಕೊಟ್ಟು, ಇನ್ನೊಂದನ್ನು ಕಾಯಲು ಬಿಟ್ಟರು. ಆ್ಯಪ್ ಬಳಸಿದವರಲ್ಲಿ ಲಕ್ಷಣಗಳು ಹೆಚ್ಚು ಇಳಿದವು. ಒಳ್ಳೆಯ ಸುದ್ದಿಯೇ, ಆದರೆ ಹೋಲಿಸಿದ್ದು ಏನೂ ಸಿಗದೆ ಕಾಯುತ್ತಿದ್ದವರ ಜೊತೆಗೆ ಅನ್ನುವುದು ನೆನಪಿರಲಿ. ಆಘಾತವನ್ನೇ ಕೇಂದ್ರವಾಗಿಟ್ಟುಕೊಂಡ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ), ಇಎಂಡಿಆರ್ (ಕಣ್ಣು ಅತ್ತಿತ್ತ ಆಡಿಸುತ್ತಾ ಆ ನೆನಪನ್ನು ಎದುರಿಸುವ ಚಿಕಿತ್ಸೆ) ಥರದ ಚಿಕಿತ್ಸೆಗಳು ಇದಕ್ಕಿಂತ ಬಹಳ ಗಟ್ಟಿ ಆಧಾರ ಇರುವಂಥವು, ಅವು ಸಿಗುವುದು ತರಬೇತಿ ಪಡೆದ ಚಿಕಿತ್ಸಕರ ಹತ್ತಿರ. ಸಾಯುವ ಯೋಚನೆ ಬರುತ್ತಿದ್ದರಂತೂ ಆ್ಯಪ್ ಹುಡುಕುತ್ತಾ ಕೂರಬೇಡಿ. ಜೊತೆಗೆ ಒಬ್ಬರನ್ನು ಇರಿಸಿಕೊಳ್ಳಿ, ತಡಮಾಡದೆ ವೈದ್ಯರ ಹತ್ತಿರ ಅಥವಾ ತುರ್ತು ವಿಭಾಗಕ್ಕೆ ಹೋಗಿ. ಎಷ್ಟೋ ಜನರನ್ನು ನಾವೇ ಅಲ್ಲಿಗೆ ಒಯ್ದಿದ್ದೇವೆ, ನಮಗೆ ಬೇಕಾದಾಗ ಹೋಗಲು ನಾಚಿಕೆ ಯಾಕೆ?

ಇಳಿಸಿಕೊಂಡ ದಿನವೇ ಮಾಡಬೇಕಾದ ಒಂದೆರಡು ಕೆಲಸ ಇವೆ. ಅದರಲ್ಲಿ ಕೊಟ್ಟಿರುವ ಸಹಾಯವಾಣಿ ಸಂಖ್ಯೆಗಳು ಅಮೆರಿಕದವು, ಬೇರೆ ಕಡೆ ಇರುವವರಿಗೆ ನಡೆಯುವುದಿಲ್ಲ. ಸಹಾಯದ ಭಾಗದಲ್ಲಿ ನಿಮ್ಮವರ ಸಂಖ್ಯೆಗಳನ್ನು ನೀವೇ ಸೇರಿಸಿಕೊಳ್ಳಿ, ಅರ್ಧರಾತ್ರಿ ಕರೆದರೂ ತೆಗೆಯುವ ಒಬ್ಬರಾದರೂ ಇರಲಿ. ನಿಮ್ಮ ಫೋಟೊ, ಹಾಡುಗಳನ್ನೂ ಹಾಕಬಹುದು, ಹಾಕಿ. ಒಂದೆರಡು ಅಭ್ಯಾಸಗಳನ್ನು ಮನಸ್ಸು ನೆಟ್ಟಗಿರುವ ದಿನವೇ ಮಾಡಿ ನೋಡಿ ಇಷ್ಟದ ಪಟ್ಟಿಗೆ ಸೇರಿಸಿಡಿ, ಕೈ ನಡುಗುವ ಹೊತ್ತಿನಲ್ಲಿ ಹೊಸದು ಕಲಿಯಲು ಆಗುವುದಿಲ್ಲ. ಭಾಷೆ ಇಂಗ್ಲಿಷ್. ವಾಕ್ಯಗಳು ಸರಳವಾಗಿವೆ, ಆದರೂ ಸಂಕಟದ ಹೊತ್ತಿನಲ್ಲಿ ಇಂಗ್ಲಿಷ್ ಧ್ವನಿ ಕೇಳಿ ಸಮಾಧಾನ ಆಗದವರು ಇರುತ್ತಾರೆ, ಅಂಥವರಿಗೆ ಗೆಳೆಯನೊಬ್ಬ ಉಸಿರಾಟದ ಮಾತುಗಳನ್ನು ಕನ್ನಡದಲ್ಲಿ ಹೇಳಿ ರೆಕಾರ್ಡ್ ಮಾಡಿ ಕೊಟ್ಟರೂ ಆಗುತ್ತದೆ.

ಮನೆಯವರಿಗೆ ಇದೇ ತಂಡದ ಪಿಟಿಎಸ್‌ಡಿ ಫ್ಯಾಮಿಲಿ ಕೋಚ್ ಅಂತ ಬೇರೆಯೇ ಒಂದು ಆ್ಯಪ್ ಇದೆ. ಡ್ಯೂಟಿ ಮುಗಿಸಿ ಬಂದವರು ಯಾಕೆ ಮಾತಾಡುತ್ತಿಲ್ಲ, ಯಾಕೆ ಸಣ್ಣದಕ್ಕೆಲ್ಲ ರೇಗುತ್ತಾರೆ ಅಂತ ಒಳಗೊಳಗೇ ನೋಯುತ್ತಿರುವವರು ಅದನ್ನು ಹಾಕಿಕೊಳ್ಳಲಿ. ಅದರಲ್ಲಿ ನೋಡಿಕೊಳ್ಳುವವರ ಆಯಾಸಕ್ಕೂ ಜಾಗ ಇದೆ.