ಕೇಬಲ್ ಕಿತ್ತು ನೋಡಿದ ಹೋಲಿಕೆ: ವಿಂಡೋಸ್ ಎಂಪಿಐಒ ಕ್ಲಸ್ಟರ್, ಲಿನಕ್ಸ್ ಮಲ್ಟಿಪಾತ್ ಕ್ಲಸ್ಟರ್

ಎರಡು ಕಂಟ್ರೋಲರ್‌ಗಳ ಒಂದು ಐಸ್ಕಸಿ (ನೆಟ್‌ವರ್ಕ್ ಮೂಲಕ ಡಿಸ್ಕ್ ಒದಗಿಸುವ) ಸ್ಟೋರೇಜ್ ಅರೇ, ಎರಡು ಸ್ವಿಚ್, ಎರಡು ಸರ್ವರ್. ಮೊದಲು ಇವುಗಳ ಮೇಲೆ ವಿಂಡೋಸ್ ಸರ್ವರ್ 2019ರ ಎಂಪಿಐಒ (ಒಂದೇ ಡಿಸ್ಕ್‌ಗೆ ಇರುವ ಹಲವು ದಾರಿಗಳನ್ನು ನಿಭಾಯಿಸುವ ಫೀಚರ್) ಮತ್ತು ಒಂದು ಸರ್ವರ್ ಕೆಟ್ಟರೆ ಇನ್ನೊಂದು ಕೆಲಸ ವಹಿಸಿಕೊಳ್ಳುವ ಫೇಲ್‌ಓವರ್ ಕ್ಲಸ್ಟರ್ ಕಟ್ಟಿದೆ. ಆಮೇಲೆ ಅದನ್ನು ಅಳಿಸಿ, ಅವೇ ಯಂತ್ರಗಳ ಮೇಲೆ ಲಿನಕ್ಸ್‌ನಲ್ಲಿ ದಾರಿಗಳಿಗೆ ಡಿಎಂ-ಮಲ್ಟಿಪಾತ್, ಕ್ಲಸ್ಟರ್‌ಗೆ ಕೊರೊಸಿಂಕ್ ಮತ್ತು ಪೇಸ್‌ಮೇಕರ್ ಕೂರಿಸಿದೆ. ಎರಡಕ್ಕೂ ಕೊಟ್ಟ ಪರೀಕ್ಷೆ ಒಂದೇ: ಡಿಸ್ಕ್‌ಗೆ ಬರೆಯುವ ಕೆಲಸ ನಡೆಯುತ್ತಿರುವಾಗಲೇ ಒಂದು ಕೇಬಲ್ ಕೀಳುವುದು, ಆಮೇಲೆ ಒಂದು ಸರ್ವರ್‌ನ ಎಲ್ಲ ದಾರಿಗಳನ್ನೂ ಮುಚ್ಚುವುದು. ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಸೆಟ್ಟಿಂಗ್ ಮುಟ್ಟದೆ ಬಿಡುವವರಿಗೆ ವಿಂಡೋಸ್ ವಾಸಿ. ಕೂತು ಒಂದೊಂದು ಟೈಮ್‌ಔಟ್ ಹೊಂದಿಸುವ ತಾಳ್ಮೆ ಇದ್ದವರಿಗೆ ಲಿನಕ್ಸ್.

ಅನುಸ್ಥಾಪನೆಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ವಿಂಡೋಸ್‌ನಲ್ಲಿ ಎಂಪಿಐಒ ಫೀಚರ್ ಸೇರಿಸಿ, ಡಿಸ್ಕ್‌ಗಳನ್ನು ಅದರ ವಶಕ್ಕೆ ಕೊಟ್ಟು, ರೀಬೂಟ್ ಮಾಡಬೇಕು. ಅಲ್ಲಿಯವರೆಗೆ ಒಂದೇ ಲನ್ (ಅರೇ ಒದಗಿಸುವ ಡಿಸ್ಕ್) ಹಲವು ಡಿಸ್ಕ್‌ಗಳಾಗಿ ಕಾಣಿಸುತ್ತದೆ. ಅವುಗಳಲ್ಲಿ ಯಾವುದನ್ನೂ ಫಾರ್ಮ್ಯಾಟ್ ಮಾಡಲು ಹೋಗಬಾರದು. ಲಿನಕ್ಸ್‌ನಲ್ಲಿ ಮಲ್ಟಿಪಾತ್‌ಡಿ ಸೇವೆ ಶುರುಮಾಡಿದರೆ ಪಾತ್‌ಗಳು, ಅಂದರೆ ದಾರಿಗಳು, ತಾವೇ ಒಟ್ಟುಗೂಡುತ್ತವೆ.

ಒಂದು ದಾರಿ ಹೋದಾಗಿನ ಕಥೆ ಬೇರೆ. ಸ್ಟೋರೇಜ್‌ಗೆಂದೇ ಇರುವ ಫೈಬರ್ ಚಾನೆಲ್ ಜಾಲದಲ್ಲಿ ಲಿಂಕ್ ಬಿದ್ದ ಸುದ್ದಿ ಕೂಡಲೇ ತಿಳಿಯುತ್ತದೆ. ಐಸ್ಕಸಿಯಲ್ಲಿ ತೊಂದರೆ ಸ್ವಿಚ್‌ನ ಆಚೆ ಇದ್ದರೆ ಕೇಳಿ ಕೇಳಿಯೇ ತಿಳಿಯಬೇಕು. ಲಿನಕ್ಸ್‌ನ ಇನಿಷಿಯೇಟರ್ (ಸರ್ವರ್ ಕಡೆಯ ಐಸ್ಕಸಿ ತಂತ್ರಾಂಶ) 5 ಸೆಕೆಂಡಿಗೊಮ್ಮೆ ಅರೇಯನ್ನು ಮಾತನಾಡಿಸಿ, ಉತ್ತರಕ್ಕೆ ಇನ್ನೂ 5 ಸೆಕೆಂಡು ಕಾಯುತ್ತದೆ. ಅದಾದ ಮೇಲೂ ಸೆಷನ್ (ಅರೇ ಜೊತೆಗಿನ ಸಂಪರ್ಕ) ಮರಳಿ ಬರಬಹುದೆಂದು ಕಾಯುವ ಅವಧಿ, ಅಂದರೆ ರಿಪ್ಲೇಸ್‌ಮೆಂಟ್ ಟೈಮ್‌ಔಟ್, ಮೂಲ ಸೆಟ್ಟಿಂಗ್‌ನಲ್ಲಿ 120 ಸೆಕೆಂಡು! ಪಕ್ಕದಲ್ಲೇ ಇನ್ನೊಂದು ಒಳ್ಳೆಯ ದಾರಿ ಇದ್ದರೂ ಬರೆಯುವ ಕೆಲಸ ಅಷ್ಟು ಹೊತ್ತು ನಿಂತಿರುತ್ತದೆ. ಮಲ್ಟಿಪಾತ್ ಪರಿಕರಗಳ ಹೊಸ ಆವೃತ್ತಿಗಳು ಇದನ್ನು ತಾವೇ ಇಳಿಸುತ್ತವೆ, ಹಳೆಯವು ಇಳಿಸುವುದಿಲ್ಲ. ವಿಂಡೋಸ್‌ನಲ್ಲಿ ಎಂಪಿಐಒ ಇದ್ದಾಗ ಇದೇ ಕೆಲಸಕ್ಕೆ ಇರುವ ಲಿಂಕ್‌ಡೌನ್‌ಟೈಮ್ ಮೊದಲಿನಿಂದಲೂ 15 ಸೆಕೆಂಡು. ಲಿನಕ್ಸ್‌ನ 120 ಅನ್ನು 5ಕ್ಕೆ ಇಳಿಸಿದ ಮೇಲೆ ಎರಡೂ ಸರಿಸಮ. ಆದರೆ ಏನಾಯಿತೆಂದು ನೋಡುವುದಕ್ಕೆ ಲಿನಕ್ಸೇ ಲೇಸು. ಒಂದು ಮಲ್ಟಿಪಾತ್ ಆಜ್ಞೆ ಕೊಟ್ಟರೆ ಯಾವ ಪಾತ್ ‘ಆ್ಯಕ್ಟಿವ್’, ಯಾವುದು ‘ಫೇಲ್ಡ್ ಫಾಲ್ಟಿ’, ಯಾವ ಗುಂಪಿಗೆ ಎಷ್ಟು ಆದ್ಯತೆ, ಎಲ್ಲವೂ ನಾಲ್ಕಾರು ಸಾಲುಗಳಲ್ಲಿ ಬರುತ್ತದೆ. ವಿಂಡೋಸ್‌ನಲ್ಲಿ ಎಂಪಿಕ್ಲೇಮ್ ಆಜ್ಞೆ ಬಳಸದಿದ್ದರೆ ಅದೇ ಮಾಹಿತಿಗಾಗಿ ಕಿಟಕಿಯ ಮೇಲೆ ಕಿಟಕಿ ತೆರೆಯುತ್ತ ಹೋಗಬೇಕು.

ಎಲ್ಲ ದಾರಿಗಳನ್ನೂ ಮುಚ್ಚಿದಾಗ ಎರಡರ ಗುಣ ನಿಜವಾಗಿ ಬೇರೆಯಾಯಿತು. ವಿಂಡೋಸ್‌ನಲ್ಲಿ ಡಿಸ್ಕ್ ಸಂಪನ್ಮೂಲ ವಿಫಲವಾಯಿತೆಂದು ಕ್ಲಸ್ಟರ್ ಗುರುತಿಸಿ ಇಡೀ ಗುಂಪನ್ನು ಇನ್ನೊಂದು ಸರ್ವರ್‌ಗೆ ಸಾಗಿಸಿತು. ಎರಡೂ ಸರ್ವರ್‌ಗಳು ಒಟ್ಟಿಗೆ ಬಳಸುವ ಕ್ಲಸ್ಟರ್ ಶೇರ್ಡ್ ವಾಲ್ಯೂಮ್ ಇದ್ದಾಗ ಸಾಗಿಸುವ ಗೋಜೂ ಇರಲಿಲ್ಲ: ದಾರಿ ಕಳೆದುಕೊಂಡ ಸರ್ವರ್ ತನ್ನ ಓದು-ಬರಹವನ್ನು ನೆಟ್‌ವರ್ಕ್ ಮೂಲಕ ಇನ್ನೊಂದಕ್ಕೆ ಕಳುಹಿಸಿತು. ವರ್ಚುವಲ್ ಯಂತ್ರಗಳು ನಿಧಾನವಾದವು, ನಿಲ್ಲಲಿಲ್ಲ.

ಲಿನಕ್ಸ್‌ನಲ್ಲಿ ಏನೂ ಆಗಲಿಲ್ಲ. ಗಾಬರಿಯಾಗಬೇಕಾದದ್ದೇ ಅದಕ್ಕೆ. ಹಲವು ಅರೇಗಳ ಮಟ್ಟಿಗೆ ಮಲ್ಟಿಪಾತ್‌ನ ಒಳಪಟ್ಟಿಯಲ್ಲಿ, ದಾರಿಯೇ ಇಲ್ಲದಾಗ ‘ಕ್ಯೂ’ ಮಾಡು ಎಂದಿರುತ್ತದೆ, ಅಂದರೆ ದಾರಿ ಬರುವವರೆಗೂ ಕಾಯಿ. ಬರೆಯುತ್ತಿದ್ದ ಪ್ರಕ್ರಿಯೆ ಡಿ ಸ್ಥಿತಿಗೆ (ಡಿಸ್ಕ್‌ಗಾಗಿ ಎಬ್ಬಿಸಲಾಗದ ಕಾಯುವಿಕೆ) ಹೋಗಿ ಕೂತಿತು. ಪ್ರಕ್ರಿಯೆಯನ್ನು ಬಲವಂತವಾಗಿ ನಿಲ್ಲಿಸುವ ಕಿಲ್ -9ಕ್ಕೂ ಅದು ಜಗ್ಗುವುದಿಲ್ಲ. ಪೇಸ್‌ಮೇಕರ್ ಮಾತ್ರ ಫೈಲ್‌ಸಿಸ್ಟಮ್ ‘ಸ್ಟಾರ್ಟೆಡ್’ ಎಂದೇ ತೋರಿಸುತ್ತಿತ್ತು. ಅದರ ಫೈಲ್‌ಸಿಸ್ಟಮ್ ಏಜೆಂಟ್ ಸಾಮಾನ್ಯವಾಗಿ ನೋಡುವುದು ಮೌಂಟ್ ಆಗಿದೆಯೇ ಎಂಬುದನ್ನಷ್ಟೇ, ಬರೆಯಲು ಆಗುತ್ತಿದೆಯೇ ಎಂದಲ್ಲ. ಹೆಣ ಕುರ್ಚಿಯಲ್ಲಿ ಕೂತಿದ್ದರೂ ಹಾಜರಿ ಹಾಕುವ ಗುಮಾಸ್ತನ ಹಾಗೆ.

ಇದಕ್ಕೆ ಮದ್ದು ಎರಡು ಕಡೆ ಬೇಕು. ‘ಕ್ಯೂ’ ತೆಗೆದು ನೋ ಪಾತ್ ರಿಟ್ರೈ ಸೆಟ್ಟಿಂಗ್‌ಗೆ ಎಷ್ಟು ಸಲ ಮತ್ತೆ ನೋಡಬೇಕೆಂಬ ಒಂದು ಸಂಖ್ಯೆ ಕೊಡಬೇಕು. 5 ಸೆಕೆಂಡಿನ ತಪಾಸಣೆಗೆ 12 ಎಂದರೆ ಸುಮಾರು ಒಂದು ನಿಮಿಷ ಕಾದು ಸೋಲನ್ನು ಒಪ್ಪಿಕೊಳ್ಳುತ್ತದೆ. ಜೊತೆಗೆ ಏಜೆಂಟಿನ ಚೆಕ್ ಲೆವೆಲ್ ಅನ್ನು 20ಕ್ಕೆ ಏರಿಸಬೇಕು, ಆಗ ಅದು ನಿಜಕ್ಕೂ ಬರೆದು ನೋಡುತ್ತದೆ. ಇಷ್ಟು ಮಾಡಿದ ಮೇಲೆ ಲಿನಕ್ಸ್ ಕ್ಲಸ್ಟರ್ ಕೂಡ ಕೆಟ್ಟ ಸರ್ವರನ್ನು ಫೆನ್ಸ್ ಮಾಡಿ, ಅಂದರೆ ಡಿಸ್ಕ್ ಮುಟ್ಟದಂತೆ ಬೇರ್ಪಡಿಸಿ, ಕೆಲಸವನ್ನು ಇನ್ನೊಂದಕ್ಕೆ ಒಪ್ಪಿಸಿತು.

ಫೆನ್ಸಿಂಗ್ ವಿಷಯದಲ್ಲಿ ವಿಂಡೋಸ್ ಆಯ್ಕೆ ಕೊಡುವುದಿಲ್ಲ. ಸರ್ವರ್ 2008ರಿಂದ ಸ್ಕಸಿ-3 ಪರ್ಸಿಸ್ಟೆಂಟ್ ರಿಸರ್ವೇಶನ್ (ಯಾವ ಸರ್ವರ್ ಬರೆಯಬಹುದೆಂದು ಡಿಸ್ಕ್‌ನಲ್ಲೇ ಕಾಯ್ದಿರಿಸುವ ವ್ಯವಸ್ಥೆ) ಇಲ್ಲದ ಹಂಚಿಕೆ ಡಿಸ್ಕ್ ಅಲ್ಲಿ ಕ್ಲಸ್ಟರ್‌ಗೆ ಸಲ್ಲುವುದಿಲ್ಲ, ಕಟ್ಟುವ ಮೊದಲು ನಡೆಯುವ ವ್ಯಾಲಿಡೇಶನ್‌ನಲ್ಲೇ ಅದು ಗೊತ್ತಾಗುತ್ತದೆ. ಲಿನಕ್ಸ್‌ನಲ್ಲಿ ಅದೇ ತಂತ್ರಕ್ಕೆ ಫೆನ್ಸ್ ಎಂಪಾತ್ ಇದೆ, ಪ್ರತಿ ಸರ್ವರ್‌ಗೂ ಬೇರೆ ಬೇರೆ ರಿಸರ್ವೇಶನ್ ಕೀ ಬರೆಯಬೇಕು. ದೂರದಿಂದಲೇ ಸರ್ವರ್‌ನ ವಿದ್ಯುತ್ ಕತ್ತರಿಸುವ ಐಪಿಎಂಐ ಇದೆ. ಆದರೆ ಸರ್ವರ್‌ನ ವಿದ್ಯುತ್ತೇ ಹೋದರೆ ಅದರೊಳಗಿನ ಐಪಿಎಂಐ ಕೂಡ ಉತ್ತರಿಸುವುದಿಲ್ಲ, ಕ್ಲಸ್ಟರ್ ಕಾಯುತ್ತ ಕೂರುತ್ತದೆ. ಹಾಗಾಗಿ ನಾನು ಐಪಿಎಂಐ ಮೊದಲ ಹಂತ, ಫೆನ್ಸ್ ಎಂಪಾತ್ ಎರಡನೇ ಹಂತ ಎಂದು ಇಟ್ಟಿದ್ದೇನೆ.

ಲಿನಕ್ಸ್‌ನಲ್ಲೇ ಉಳಿದುಕೊಂಡೆ, ಕಾರಣ ಫೇಲ್‌ಬ್ಯಾಕ್, ಅಂದರೆ ಬದಲಿ ದಾರಿಯಿಂದ ಮೊದಲಿನ ದಾರಿಗೆ ಮರಳುವ ರೀತಿ. ಒಮ್ಮೆಗೆ ಒಂದೇ ಕಂಟ್ರೋಲರ್ ಲನ್ ಸೇವೆ ಮಾಡುವ ಅರೇಗಳಲ್ಲಿ ಎ ಕಂಟ್ರೋಲರ್‌ನ ದಾರಿ ಕಳೆದುಕೊಂಡ ಒಂದು ಸರ್ವರ್ ಲನ್ ಅನ್ನು ಬಿ ಕಂಟ್ರೋಲರ್‌ಗೆ ಎಳೆಯುತ್ತದೆ, ದಾರಿ ಸರಿಯಿರುವ ಇನ್ನೊಂದು ಮತ್ತೆ ಎ ಕಡೆಗೆ ಎಳೆಯುತ್ತದೆ. ಲನ್ ಅತ್ತಿಂದಿತ್ತ ಓಡಾಡುವುದರಲ್ಲೇ ವೇಗ ನೆಲಕಚ್ಚುತ್ತದೆ. ಮಲ್ಟಿಪಾತ್‌ನಲ್ಲಿ ಫೇಲ್‌ಬ್ಯಾಕ್ ಅನ್ನು ‘ಫಾಲೋಓವರ್’ ಎಂದು ಬರೆದರೆ, ಬೇರೆ ಸರ್ವರ್ ಎಳೆದುಕೊಂಡ ಲನ್ ಅನ್ನು ಈ ಸರ್ವರ್ ತಾನಾಗಿ ಹಿಂದಕ್ಕೆ ಎಳೆಯುವುದಿಲ್ಲ. ತನ್ನ ಆದ್ಯತೆಯ ಗುಂಪಿನ ಮೊದಲ ಪಾತ್ ಮರಳಿ ಬಂದಾಗ ಮಾತ್ರ ಎಳೆಯುತ್ತದೆ.