ಗಾಸಿಯನ್ ಬ್ಲರ್ ಸಾಕಾ, ಲೆನ್ಸ್ ಬ್ಲರ್ ಬೇಕಾ?

ಆಗುಂಬೆಯ ಮಳೆಗಾಲದ ಸಂಜೆ. ಬೆಳಕು ಸಾಲದೆ ಕ್ಯಾಮೆರಾದ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 6400ಕ್ಕೆ ಏರಿಸಿದ್ದೆ. ಕಂಬಳಿಕೊಪ್ಪೆ ಹಾಕಿದ ಅಜ್ಜನ ಫೋಟೋ ಚೆನ್ನಾಗಿಯೇ ಬಂತು. ಆದರೆ ಫೋಟೋ ತುಂಬ, ಹಿಂದಿನ ಕಾಡಿನ ಮೇಲಂತೂ ಜಾಸ್ತಿ, ರವೆ ಚೆಲ್ಲಿದ ಹಾಗೆ ನಾಯ್ಸ್ (ಕಾಳುಕಾಳು ಚುಕ್ಕಿಗಳು). ಹಿನ್ನೆಲೆ ಮಸುಕು ಮಾಡಲು ಫೋಟೋಶಾಪ್‌ನಲ್ಲಿ ಗಾಸಿಯನ್, ಲೆನ್ಸ್ ಎಂಬ ಎರಡೂ ಬ್ಲರ್ ಫಿಲ್ಟರ್‌ಗಳನ್ನು ಹಾಕಿ ನೋಡಿದೆ.

ಗಾಸಿಯನ್ ಬ್ಲರ್ ಅಕ್ಕಪಕ್ಕದ ಪಿಕ್ಸೆಲ್‌ಗಳ ಸರಾಸರಿ ತೆಗೆಯುತ್ತದೆ, ನಾಯ್ಸ್ ತಾನಾಗಿ ಕರಗುತ್ತದೆ. ತೊಂದರೆ ಬೇರೆ. ಅಜ್ಜನ ಮೇಲೆ ರವೆ ಹಾಗೇ ಇದೆ, ಹಿಂದೆ ಬೆಣ್ಣೆಯಂಥ ನುಣುಪು. ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ, ಅಲ್ವಾ? 8 ಬಿಟ್ ಫೈಲಾದರೆ (ಬಣ್ಣದ ಮೆಟ್ಟಿಲುಗಳು ಕಡಿಮೆ) ಮಂಜು ಪಟ್ಟೆಪಟ್ಟೆ ಆಗುವುದೂ ಉಂಟು. ಬ್ಲರ್ ಆದ ಮೇಲೆ ಹಿನ್ನೆಲೆಗೆ ಚೂರೇ ಚೂರು ನಾಯ್ಸ್ ಸೇರಿಸಿ. ಎರಡೂ ತಕ್ಕಮಟ್ಟಿಗೆ ಮುಚ್ಚಿಹೋಗುತ್ತವೆ.

ಲೆನ್ಸ್ ಬ್ಲರ್ ನೋಡಲು ಜಾಸ್ತಿ ಸಹಜ. ದೂರದ ದೀಪಗಳು ಗುಂಡಗೆ ಅರಳುತ್ತವೆ. ಆದರೆ ಥ್ರೆಶೋಲ್ಡ್ (ಎಷ್ಟು ಹೊಳಪಿದ್ದರೆ ದೀಪ ಅನ್ನುವ ಮಿತಿ) ತೀರಾ ಇಳಿಸಿದರೆ ಹೊಳೆಯುವ ನಾಯ್ಸ್ ಚುಕ್ಕಿಯನ್ನೂ ದೀಪ ಅಂದುಕೊಂಡುಬಿಡುತ್ತದೆ. ನನ್ನ ಕಾಡಿನಲ್ಲಿ ಮಿಂಚುಹುಳುಗಳ ಜಾತ್ರೆಯೇ ಆಗಿತ್ತು! ಹಾಗಾಗಿ ಇಲ್ಲಿ ನಾಯ್ಸ್ ಮೊದಲು ತೆಗೆಯಬೇಕು, ಬ್ಲರ್ ಆಮೇಲೆ. ಕೊನೆಗೆ ಸೇರಿಸಲು ಅದರೊಳಗೇ ನಾಯ್ಸ್ ಸ್ಲೈಡರ್ ಇದೆ.

ಬರೀ ಮಂಜು, ಹಸಿರು ಇದ್ದರೆ ಸುಮ್ನೆ ಗಾಸಿಯನ್ ಹಾಕಿ. ತೀರ್ಥಹಳ್ಳಿ ಪೇಟೆಯ ರಾತ್ರಿ ದೀಪಗಳಿದ್ದರೆ ಲೆನ್ಸ್ ಬ್ಲರ್‌ಗೆ ಹತ್ತು ನಿಮಿಷ ಕೊಡಿ.